ಕಳೆದು ಹೇಳಿದ ತೂಕ

ನನ್ನ ಮೊಮ್ಮಗಳು ಈಗ ಕೆರೆ ಏರಿಯ ಮೇಲೆ ನನಗಿಂತ ಮುಂದೆ ಓಡುತ್ತಾಳೆ. ಅದನ್ನು ನೋಡಿ ನನಗಾಗುವ ಸಂತೋಷ ಬರೆಯುವಷ್ಟು ವಿದ್ಯೆ ನನಗಿಲ್ಲ. ಕೂಲಿಮಠದಲ್ಲಿ ಮೂರು ವರ್ಷ ಕೂತವನು ನಾನು. ಚೀಲದ ಮೇಲೆ ಗುರುತು ಬರೆಯುವಷ್ಟು ಅಕ್ಷರ ಬಂದ ಕೂಡಲೇ ಅಪ್ಪ ಮಂಡಿಗೆ ಕರೆದುಕೊಂಡುಬಿಟ್ಟರು. ಆದರೂ ಬರೆಯದೆ ಇರಲಾರೆ, ಎದೆಯಲ್ಲಿ ಅಷ್ಟು ತುಂಬಿಕೊಂಡಿದೆ. ಆ ಮಗು ಓಡುವಾಗ ಅದರ ಕಾಲು ನೋಡುತ್ತೇನೆ, ಆಮೇಲೆ ನನ್ನ ಕಾಲು ನೋಡಿಕೊಳ್ಳುತ್ತೇನೆ. ಎಡಗಾಲಿನ ಹೆಬ್ಬೆರಳು ಇದೆಯೋ ಇಲ್ಲವೋ ಎಂದು ನಾನು ಕಣ್ಣಿನಿಂದಲೇ ತಿಳಿಯಬೇಕು. ಯಾರು ಮುಟ್ಟಿದರೂ ಅದಕ್ಕೆ ತಿಳಿಯುವುದಿಲ್ಲ.

ನಮ್ಮದು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ. ನಮ್ಮಣ್ಣನದು ಹೊಳೆನರಸೀಪುರದಲ್ಲಿ. ಇಬ್ಬರೂ ದಪ್ಪ. ಆ ಕಾಲದಲ್ಲಿ ಮಂಡಿಯ ಯಜಮಾನ ಅಂದರೆ ಗಾದಿ ತುಂಬ ಕೂರಬೇಕು, ಇಲ್ಲದಿದ್ದರೆ ಮಾಲು ತಂದವನಿಗೆ ನಂಬಿಕೆ ಬಾರದು. ಒಂದು ಬೇಸಿಗೆಯಲ್ಲಿ ಅಣ್ಣನ ಕಾಲಿಗೆ ಚಪ್ಪಲಿ ಕಚ್ಚಿತು. ರಾಗಿ ಕಾಳಿನಷ್ಟು ಗಾಯ. ಮಳೆಗಾಲ ಬಂತು, ದೀಪಾವಳಿ ಬಂತು, ಗಾಯ ಹೋಗಲಿಲ್ಲ. ಕಪ್ಪಾಯಿತು. ಹಾಸನದಲ್ಲಿ ಪಾದ ತೆಗೆದರು. ಅದಕ್ಕೆ ಮುಂಚೆ, ಹಳೆಯದು ಕಚ್ಚಿತೆಂದು ಅವನು ಹೊಸ ಜೋಡು ಹೊಲಿಸಿದ್ದ. ಊರಿಗೆ ಬಂದ ಮೇಲೆ ಕೋಲೂರಿಕೊಂಡು ಅದರಲ್ಲಿ ಒಂದನ್ನೇ ಹಾಕಿಕೊಂಡು ನಾಲ್ಕು ತಿಂಗಳು ಕುಂಟಿದ. ಆಮೇಲೆ ಅದೂ ಬೇಕಾಗಲಿಲ್ಲ.

ಅತ್ತಿಗೆ ಆ ಜೋಡನ್ನು ತಂದು ನನ್ನ ಮುಂದೆ ಇಟ್ಟರು. "ಬಿಸಾಕೋಕೆ ಕೈ ಬರ್ತಿಲ್ಲ. ನೀನೇ ಏನಾದ್ರೂ ಮಾಡು," ಅಂದರು. ಒಂದರ ಅಟ್ಟೆ ಸವೆದು ತೆಳ್ಳಗಾಗಿತ್ತು. ಇನ್ನೊಂದರಲ್ಲಿ ಮಾಡಿದವನು ಸವರಿದ ಎಣ್ಣೆ ಹಾಗೇ ಇತ್ತು. ಎರಡನ್ನೂ ತಂದು ನಮ್ಮ ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದೆ. "ಸತ್ತವರ ಚಪ್ಪಲಿ ಬಾಗಿಲಲ್ಲಿ ಯಾರಾದ್ರೂ ಕಟ್ತಾರಾ?" ಎಂದು ಮನೆಯವಳು ಕೂಗಾಡಿದಳು. ಯಾಕೆ ಕಟ್ಟಿದೆನೋ ಆಗ ನನಗೂ ಗೊತ್ತಿರಲಿಲ್ಲ.

ಅಣ್ಣ ಹೋಗಿ ಎರಡು ವರ್ಷವಾಗಿರಬಹುದು. ಒಂದು ದಿನ ಮನೆಯವಳು, "ಏನ್ರೀ, ನೀವು ಬಚ್ಚಲಿಗೆ ಹೋಗಿಬಂದ ಕಡೆಯೆಲ್ಲ ಇರುವೆ ಮುತ್ತುತಾವೆ," ಅಂದಳು. ಅಣ್ಣನ ಮನೆಯ ಬಚ್ಚಲಿನಲ್ಲಿಯೂ ಇರುವೆ ಸಾಲು ಕಂಡಿದ್ದೆ. ಮರುದಿನವೇ ಹಾಸನಕ್ಕೆ ಹೋದೆ. ಡಾಕ್ಟರು ನನ್ನನ್ನು ಮಲಗಿಸಿ ಕಣ್ಣು ಮುಚ್ಚಿಸಿದರು. "ಯಾವ ಬೆರಳಿಗೆ ಚುಚ್ಚಿದೆ, ಹೇಳಿ," ಅಂದರು.

"ಇನ್ನೂ ಚುಚ್ಚಲೇ ಇಲ್ಲವಲ್ಲ ಸ್ವಾಮಿ," ಅಂದೆ.

"ಕಣ್ಣು ಬಿಡಿ."

ಸೂಜಿ ಹೆಬ್ಬೆರಳಲ್ಲಿ ನಿಂತಿತ್ತು.

"ನಿಮ್ಮಣ್ಣನಿಗೂ ಹೇಳಿದ್ದೆ, ಕೇಳಲಿಲ್ಲ. ಸಕ್ಕರೆ ಕಾಯಿಲೆ ಇದು. ಎರಡೂವರೆ ಮಣ ಇಳೀಬೇಕು ನೀವು. ದಿನಾ ನಡೀಬೇಕು. ಇಳಿಯೋರನ್ನ ಬೇಕಾದಷ್ಟು ಜನ ನೋಡಿದೀನಿ. ಇಳಿದು ಅಲ್ಲೇ ನಿಂತವರು ಕಮ್ಮಿ," ಅಂದರು.

ಒಂಬತ್ತು ಮಣ, ಅಂದರೆ ಎರಡಾಳಿನ ತೂಕ ತೂಗುತ್ತಿದ್ದೆ ಆಗ. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಕೆರೆ ಏರಿಯ ಆ ತುದಿಗೆ ಹೋಗಿ ಬರತೊಡಗಿದೆ. ಮೊದಲ ದಿನ ಅರ್ಧ ದಾರಿಗೇ ಉಸಿರು ಕಟ್ಟಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಯಾಕ್ ಬುದ್ಧಿ ಇಂಗೆ ದಾಪುಗಾಲು ಆಕ್ತೀರಾ? ಯಾರ್ ಅಟ್ಟಿಸ್ಕಂಡ್ ಬತ್ತಾವ್ರೆ?" ಎಂದು ಕೇಳಿದಳು.

"ನಮ್ಮಣ್ಣ ಕಣವ್ವಾ," ಅಂದೆ.

ನಕ್ಕಳು. ಆಮೇಲೆ ಅಣ್ಣ ಸತ್ತದ್ದು ನೆನಪಾಯಿತೋ ಏನೋ, ಬಾಯಿ ಮುಚ್ಚಿಕೊಂಡು ನೀರಿನ ಕಡೆ ತಿರುಗಿದಳು. ನಾನೂ ಒಂದು ಸಲ ಹಿಂದೆ ತಿರುಗಿ ನೋಡಿದೆ.

ಮೈ ಏಳದ ದಿನಗಳು ಬೇಕಾದಷ್ಟಿದ್ದವು. ಮಾಗಿಯ ಚಳಿ, ಮದುವೆ ಮನೆ ಊಟದ ಮರುದಿನ, ಸುಮ್ಮನೆ ಬೇಸರ. ಅಂಥ ದಿನ ಬಾಗಿಲಿಗೆ ಬಂದು ಗೂಟದ ಮೇಲಿನ, ಅಣ್ಣ ಮೆಟ್ಟದೇ ಉಳಿದ ಆ ಹೊಸ ಚಪ್ಪಲಿಯೊಳಗೆ ಕೈ ಹಾಕುತ್ತಿದ್ದೆ. ಒಂದು ಬೆರಳ ಗುರುತೂ ಬೀಳದ ಚರ್ಮ, ನುಣ್ಣಗೆ ತಣ್ಣಗೆ. ಕೈ ತೆಗೆಯುವಷ್ಟರಲ್ಲಿ ಕಾಲು ಹೊಸಿಲು ದಾಟಿರುತ್ತಿತ್ತು.

ಸೋಮವಾರ ಸೋಮವಾರ ಮಂಡಿಯ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆ. ಅಪ್ಪನ ಕಾಲದಿಂದಲೂ ನಮ್ಮಲ್ಲಿ ತೂಗುತ್ತಿದ್ದ ಮುದುಕ ಇನ್ನೊಂದು ಕಡೆ ಕಲ್ಲು ಏರಿಸುತ್ತಿದ್ದ. ಒಂದು ಎನ್ನುವ ಬದಲು "ಲಾಭ" ಎಂದೇ ಶುರುಮಾಡುವನು. ವರ್ಷ ತುಂಬುವುದರೊಳಗೆ "ಆರೂವರೆ ಬುದ್ಧಿ!" ಎಂದು ಮಂಡಿಗೆಲ್ಲ ಕೇಳುವಂತೆ ಕೂಗಿದ. ಹಾಸನದ ಡಾಕ್ಟರು ಬೆನ್ನು ತಟ್ಟಿದರು. ಮನೆಯವಳು ಮಾತ್ರ, "ಎಲ್ಲಾರೂ ಸೊರಗಿಬಿಟ್ರು ಅಂತಾರೆ, ನನಗೆ ಕೇಳೋಕಾಗಲ್ಲ," ಎಂದು ಅತ್ತಳು.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಭಯವಾಗುತ್ತದೆ. ಕೆಟ್ಟದ್ದೇನೂ ಆಗಲಿಲ್ಲ, ಅದಕ್ಕೇ. ಏರಿಯ ತುದಿಗೆ ಹೋಗುತ್ತಿದ್ದವನು ತೂಬಿನವರೆಗೆ ಸಾಕು ಅಂದುಕೊಂಡೆ. ತೂಬಿನಿಂದ ಅರಳೀಕಟ್ಟೆಗೆ ಬಂದೆ. ಕಟ್ಟೆಯ ಮೇಲೆ ಕೂತು ಯುದ್ಧದ ಸುದ್ದಿ ಮಾತಾಡಿ ಎದ್ದು ಬರುತ್ತಿದ್ದೆ. ಒಬ್ಬಟ್ಟು ಒಂದು ಎರಡಾಯಿತು. ಗೂಟದ ಕಡೆ ನೋಡುವುದು ತಪ್ಪಿತು. ತಕ್ಕಡಿಯಂತೂ ಸೋಮವಾರ ಸೋಮವಾರ ಆರೂವರೆ ಎಂದೇ ಹೇಳುತ್ತಿತ್ತು. ಕೋಟಿನ ಗುಂಡಿ ಕೂಡಲಿಲ್ಲವೆಂದು ಅಗಸನಿಗೆ ಬೈದೆ, ಕುದಿಸಿ ಕುಗ್ಗಿಸಿದೆ ಎಂದು. ಅವನು ಕೈ ಮುಗಿದ. ಮರಗಟ್ಟಿದ ಕಾಲಿಗೆ ನೆಲ ಹತ್ತಿಯ ಹಾಗೆ ಮೆತ್ತಗಿತ್ತು, ಅದಕ್ಕೆ ಯಾರಿಗೂ ಬೈಯಲು ಆಗಲಿಲ್ಲ.

ನಮಗೆ ಒಬ್ಬಳೇ ಮಗಳು. ಅರಕಲಗೂಡಿಗೆ ಕೊಟ್ಟಿದ್ದೆವು. ಒಂಬತ್ತು ವರ್ಷ ಮಡಿಲು ತುಂಬಿರಲಿಲ್ಲ. ಆ ವರ್ಷ ತುಂಬಿತು! ಸುದ್ದಿ ಬಂದ ದಿನ ನಾನು ಮಂಡಿಯ ಮುಂದೆ ಹೋಗುವವರನ್ನೆಲ್ಲ ನಿಲ್ಲಿಸಿ ಬೆಲ್ಲ ಹಂಚಿದೆ, ನಾನೂ ತಿಂದೆ. ಇನ್ನೇನು ಬೇಕು? ಆ ಮಗುವನ್ನು ಎತ್ತಿಕೊಂಡು ಕೆರೆ ಏರಿಯ ಮೇಲೆ ನಡೆಯಬೇಕು. ಅಷ್ಟೇ ಬೇಕಾಗಿದ್ದದ್ದು.

ಏಳು ತಿಂಗಳಾದಾಗ ಅವಳನ್ನು ಕರೆತರಲು ಹೊರಟೆ. ಪೆಟ್ರೋಲು ಸಿಗದ ಕಾಲ, ಇದ್ದಿಲು ಉರಿಸಿ ಓಡಿಸುವ ಬಸ್ಸು. ದಿಬ್ಬ ಬಂದಾಗ ಇಳಿದು ನಡೆಯಬೇಕು. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಅಣ್ಣನ ಮಂಡಿಗೆ ಹೋದೆ. ಅಣ್ಣನ ಮಗ ಗಾದಿಯ ಮೇಲಿದ್ದ.

"ಬನ್ನಿ ಚಿಕ್ಕಪ್ಪ. ಮೈ ಕೈ ತುಂಬ್ಕೊಂಡಿದೀರಿ," ಅಂದ.

"ತುಂಬ್ಕೊಳ್ಳೋದೆಲ್ಲಿ ಬಂತೋ? ಆರೂವರೆ ಮಣ ಕಣೋ ನಾನು! ತೂಗಿ ನೋಡು ಬೇಕಾದ್ರೆ."

ನಗುತ್ತಾ ಕೂತೆ. ಅವನೂ ನಗುತ್ತಾ ಕಲ್ಲು ಏರಿಸಿದ. ಆರೂವರೆಗೆ ನನ್ನ ಹಲಗೆ ಏಳಲಿಲ್ಲ. ಏಳಕ್ಕೂ ಏಳಲಿಲ್ಲ. ಅವನ ನಗು ನಿಂತಿತು. ಎಂಟೂಕಾಲಿಗೆ ಹಲಗೆ ನೆಲ ಬಿಟ್ಟಿತು.

"ನಿನ್ನ ತಕ್ಕಡಿ ಸುಳ್ಳು," ಅಂದೆ.

"ಇದು ಅಪ್ಪನ ತಕ್ಕಡಿ ಚಿಕ್ಕಪ್ಪ," ಅಂದ. ಆಮೇಲೆ ನೆಲ ನೋಡಿ, "ಇದೇನಿದು?" ಅಂದ.

ಬಾಗಿಲಿಂದ ತಕ್ಕಡಿಯವರೆಗೆ ನನ್ನ ಎಡಗಾಲಿನ ಹೆಜ್ಜೆಗಳು ಇದ್ದವು, ಕೆಂಪಗೆ. ಚಪ್ಪಲಿಯಲ್ಲಿ ಒಂದು ಕಲ್ಲು ಸೇರಿತ್ತು. ಯಾವ ದಿಬ್ಬದಲ್ಲಿ ಸೇರಿತೋ, ಎಷ್ಟು ಹೊತ್ತು ಕೊರೆಯಿತೋ ನನಗೆ ತಿಳಿಯದು. ಅಣ್ಣನ ಮಗ ಬಗ್ಗಿ ನನ್ನ ಬೆರಳು ನೋಡಿದ. ಅವನು ಇಂಥದ್ದನ್ನು ಮೊದಲೇ ನೋಡಿದ್ದವನು. ಒಳಗೆ ಹೋಗಿ ಬಿಳಿ ಬಟ್ಟೆ ತಂದ.

ಅರಕಲಗೂಡಿನಲ್ಲಿ ಮಗಳು ಆ ಬಟ್ಟೆ ನೋಡಿ ಕೆಳಗೆ ಕೂತಳು, ಆ ಹೊಟ್ಟೆ ಹೊತ್ತುಕೊಂಡು. "ಅಪ್ಪಾಜಿ, ಈಗ ಮುಟ್ಟಿದೆ. ಗೊತ್ತಾಯ್ತಾ?"

"ಗೊತ್ತಾಯ್ತು ಮಗಾ."

"ಸುಳ್ಳು. ನಾನು ಮುಟ್ಟೇ ಇಲ್ಲ."

ಊರಿಗೆ ಬಂದವನು ನೇರ ಮಂಡಿಗೆ ಹೋಗಿ ಮುದುಕನನ್ನು ಕೂರಿಸಿಕೊಂಡೆ. "ನಿಜ ಹೇಳು. ನನ್ನ ತೂಕದಲ್ಲಿ ಎಷ್ಟು ಕಳೀತಿದ್ದೆ?"

"ಪದ್ಧತಿ ಏನೈತೋ ಅಂಗೇಯ ಬುದ್ಧಿ. ಚೀಲಕ್ಕೊಸಿ, ತ್ಯಾವಕ್ಕೊಸಿ."

"ನಾನೇನು ಕೊಬ್ಬರಿಯೇನೋ?"

"ಕೋಟೈತೆ, ರುಮಾಲೈತೆ. ಮಳೆಗಾಲ್ದಾಗೆ ನೆಂದಿರ್ತವೆ. ಆಮ್ಯಾಕೆ ಉಂಡ್ಕಂಡ್ ಬತ್ತಿದ್ರಿ, ಅದ್ನೂ ಕಳೀತಿದ್ದೆ."

"ಊಟಾನೂ ಕಳೀತಿದ್ಯಾ?"

"ಈಗ ತಾನೆ ಒಳೀಕ್ ಓಗೈತೆ. ಅದಿನ್ನೂ ನಿಮ್ ಮೈಯಲ್ಲ ಕಣ್ ಬುದ್ಧಿ."

"ಇಷ್ಟು ವರ್ಷ ಒಂದೇ ಲೆಕ್ಕ ಕಳೀತಿದ್ಯಾ?"

ಮುದುಕ ನೆಲ ಕೆರೆದ. "ಮೊದ್ಲು ಒಸೀನೇಯ. ಆಮ್ಯಾಕೆ ನಿಮ್ ಮಖ ನೋಡ್ಕಂಡು ಕಳೀತಿದ್ದೆ. ಆರೂವರೆ ಅಂದ್ರೆ ಅದೆಷ್ಟ್ ಚೆಂದಾಗ್ ನಗ್ತಿದ್ರಿ! ತಕ್ಕಡಿ ನಿಂತಂಗೆ ಯೋಳ್ಬ್ಯಾಡ, ಕಳ್ದು ಯೋಳು ಅಂತ ಕಲ್ಸ್ಕೊಟ್ಟೋರು ನಿಮ್ಮಪ್ಪಾರು. ನೀವೂ ಅದ್ನೇ ಅಂದ್ರಿ."

ಹೌದು, ಅಂದಿದ್ದೆ. ಇನ್ನು ಮೇಲೆ ನನ್ನ ತೂಕವಾಗಲಿ ಬಂದವರ ಕೊಬ್ಬರಿಯಾಗಲಿ, ನಿಂತ ಹಾಗೇ ಹೇಳು ಅಂದೆ. ಪಕ್ಕದ ಮಂಡಿಯವರು ನನಗೆ ಬುದ್ಧಿಭ್ರಮಣೆ ಅಂದರು.

ಹಾಸನದ ಡಾಕ್ಟರು ಗಾಯಕ್ಕೆ ಮೂಗು ಹತ್ತಿರ ತಂದು ಮೂಸಿದರು. "ಇನ್ನೂ ವಾಸನೆ ಇಲ್ಲ," ಅಂದರು. ಇನ್ನೂ ಎಂಬ ಆ ಮಾತನ್ನು ಮನೆಯವರೆಗೂ ಹೊತ್ತು ತಂದೆ. ಗಾಯ ಮಾಯುವವರೆಗೆ ಕಾಲು ನೆಲಕ್ಕೆ ಊರಬಾರದು. ಹಾಗಾದರೆ ತೂಕ ಇಳಿಯುವುದು ಹೇಗೆ ಎಂದರೆ, "ಕೈ ಇವೆಯಲ್ಲ?" ಅಂದರು.

ನಮ್ಮ ಮನೆಯಲ್ಲಿ ಕೈಗೆ ಕೆಲಸ ಕೊಡುವುದು ಅಂದರೆ ಬೀಸುವ ಕಲ್ಲು. ಕಾಲು ಚಾಚಿಕೊಂಡು ರಾಗಿ ಬೀಸಲು ಕೂತೆ. "ಅಯ್ಯೋ, ಬಾಗಿಲಾದ್ರೂ ಹಾಕ್ಕೊಳ್ಳಿ! ಮಂಡಿ ಯಜಮಾನ್ರು ರಾಗಿ ಬೀಸ್ತಾರೆ ಅಂತ ಊರೆಲ್ಲ ಆಡ್ಕೊಳ್ಳುತ್ತೆ," ಎಂದು ಮನೆಯವಳು ಸೆರಗು ಬಾಯಿಗಿಟ್ಟುಕೊಂಡಳು. ಮಗಳು ಎದುರಿಗೆ ಕೂತು ಹಿಡಿ ಹಿಡಿಯಾಗಿ ರಾಗಿ ಹಾಕುವಳು. ಎರಡನೇ ದಿನ ತೋಳು ಎತ್ತಲಾಗಲಿಲ್ಲ. ಮೂರನೇ ದಿನ ಬೇಡ ಅನ್ನಿಸಿತು. ಮಗಳು ಎದ್ದುಹೋಗಿ ಗೂಟದಿಂದ ಆ ಹೊಸ ಚಪ್ಪಲಿ ತಂದು ಕಲ್ಲಿನ ಪಕ್ಕ ಇಟ್ಟಳು. ಬೀಸಿದೆ.

ಒಂದು ತಿಂಗಳಾದರೂ ಬೆರಳಿನ ಮೇಲೆ ರಾಗಿ ಕಾಳಿನಷ್ಟು ಕಪ್ಪು ಉಳಿಯಿತು. ಅಣ್ಣನದೂ ಅಷ್ಟೇ ಇತ್ತು. ದೊಡ್ಡದಾಗಲಿಲ್ಲ, ಸಣ್ಣದಾಗಲಿಲ್ಲ. ದಿನಾ ಬೆಳಗ್ಗೆ ಮಗಳು ಬಿಸಿಲಿಗೆ ಹಿಡಿದು ನೋಡಿ, "ನಿನ್ನೆ ಇದ್ದಷ್ಟೇ," ಅನ್ನುವಳು. ಅವಳ ಹೊಟ್ಟೆ ದಿನದಿನಕ್ಕೆ ಇಳಿಯುತ್ತಿತ್ತು. ಗಾಯ ಮಾಯುವುದು ಮೊದಲೋ ಹೆರಿಗೆ ಮೊದಲೋ ಎಂದು ದಿನ ಎಣಿಸುತ್ತಿದ್ದೆ.

ನೋವು ಕಾಣಿಸಿಕೊಂಡದ್ದು ಒಂದು ಬೆಳಗ್ಗೆ. ಸೂಲಗಿತ್ತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಬೇರೇನೂ ತೋಚದೆ ಬೀಸಿದೆ. ಕೂಗು ಕೇಳಿದಾಗ ಜೋರಾಗಿ ಬೀಸಿದೆ, ನಿಂತಾಗ ಇನ್ನೂ ಜೋರಾಗಿ. ಮೊರದಲ್ಲಿ ರಾಗಿ ಮುಗಿದು ಬರೀ ಕಲ್ಲು ಕಲ್ಲಿಗೆ ಉಜ್ಜುತ್ತಿದ್ದದ್ದು ಗೊತ್ತಾಗಲಿಲ್ಲ. ಸೂಲಗಿತ್ತಿ ಹೊರಗೆ ಬಂದು, "ನಿಲ್ಸಿ ಬುದ್ಧಿ, ಹೆಣ್ಮಗ ಅಳಾದು ನಿಮ್ಗೆ ಕೇಳ್ಬ್ಯಾಡ್ವಾ?" ಅಂದಳು. ಅಯ್ಯೋ ನನ್ನ ಶಿವನೇ! ಎಂಥ ದನಿ ಅದು!

ಕಪ್ಪು ಯಾವಾಗ ಉದುರಿತೋ ತಿಳಿಯಲಿಲ್ಲ. ಹಾಸಿಗೆಯಲ್ಲಿ ಸಿಕ್ಕಿತು, ಒಣಗಿದ ಸಿಪ್ಪೆಯಂತೆ. ಕೆಳಗೆ ಗುಲಾಬಿ ಬಣ್ಣದ ತೊಗಲು ಬಂದಿತ್ತು, ಮಗುವಿನ ಪಾದದ ಹಾಗೆಯೇ.

ಐದು ತಿಂಗಳ ಬಾಣಂತನ ಮುಗಿಸಿ ಮಗಳು ಅರಕಲಗೂಡಿಗೆ ಹೊರಡುವ ಹಿಂದಿನ ಸೋಮವಾರ, ಮಗುವನ್ನು ತೂಗಿದರೆ ದೃಷ್ಟಿಯಾಗುತ್ತದೆಂದು ಮನೆಯವಳು ಬೇಡವೆಂದರೂ ಕೇಳದೆ, ಎತ್ತಿಕೊಂಡು ಹೋಗಿ ತಕ್ಕಡಿಯಲ್ಲಿ ಕೂತೆ.

"ಮಗೀಂದು ಕಳೀಲಾ ಬುದ್ಧಿ?" ಅಂದ ಮುದುಕ.

"ಏನೂ ಕಳೀಬ್ಯಾಡ. ನಿಂತಂಗೆ ಹೇಳು."

"ಆರೂಮುಕ್ಕಾಲು. ಮಗೀನೂ ಸೇರ್ಕಂಡು!"

ನಾನು ನಕ್ಕದ್ದಕ್ಕೆ ಮಗು ಬೆಚ್ಚಿ ಅತ್ತಿತು.

ಮೊನ್ನೆ ಮೊಮ್ಮಗಳು ಶಾಲೆಯ ರಜೆಗೆ ಬಂದಿದ್ದಾಳೆ. ಬೆಳಗ್ಗೆ ನಾನು ರುಮಾಲು ಸುತ್ತಿಕೊಳ್ಳುವಷ್ಟರಲ್ಲಿ ಸ್ಟೂಲು ಹತ್ತಿ ಗೂಟದಿಂದ ಆ ಹೊಸ ಚಪ್ಪಲಿ ಇಳಿಸಿ ಪುಟ್ಟ ಕಾಲು ತೂರಿಸಿಕೊಂಡು ಪಡಸಾಲೆಯಲ್ಲಿ ಎಳೆದಾಡುತ್ತಿದ್ದಳು. "ತಾತಾ, ಇದು ಯಾರ್ದು? ಇನ್ನೊಂದ್ಯಾಕೆ ಹಿಂಗ್ ಸವೆದೈತೆ?" ಮನೆಯವಳು ಕಿರುಚಿಕೊಂಡು ಅಡುಗೆಮನೆಯಿಂದ ಓಡಿಬಂದಳು. ನಾನು ಮಗುವಿನ ಕಾಲಿನಿಂದ ಅದನ್ನು ಬಿಡಿಸಿ, ಒಳಗೆ ಒಮ್ಮೆ ಕೈ ಹಾಕಿ ನೋಡಿ, ಮತ್ತೆ ಗೂಟಕ್ಕೆ ಹಾಕಿದೆ.

"ನಮ್ಮಣ್ಣಂದು ಮಗಾ. ಬಾ, ಬಿಸಿಲೇರೋದ್ರೊಳಗೆ ಹೋಗಿ ಬರೋಣ," ಅಂದೆ.

ನನ್ನ ಚಪ್ಪಲಿಯನ್ನು ತಲೆಕೆಳಗು ಮಾಡಿ ಕೊಡವಿ, ಕಲ್ಲು ಇಲ್ಲವೆಂದು ನೋಡಿ ಮೆಟ್ಟಿಕೊಂಡೆ. ಅವಳು ಏರಿಯ ಮೇಲೆ ಓಡಿದಳು. ತೂಬಿನ ಹತ್ತಿರ ನಿಂತು, ಸಾಕಾ ತಾತಾ ಎಂದು ಕೂಗಿದಳು. ಆ ತುದಿಗೆ ಕೈ ತೋರಿಸಿದೆ.