ಸ್ಟಾರ್ಟರ್ ಡಬ್ಬದ ಮುಂದೆ ಫಿಜಿಕ್ಸ್

ಸೆಕೆಂಡ್ ಪಿಯುಸಿ ಓದುವಾಗ ಒಂದು ದಿನ ಭಾರತೀನಗರದ ಕಾಲೇಜಿನಿಂದ ಬಂದು ಬಸ್ಸಿಳಿದು, ಕಬ್ಬಿನ ಗದ್ದೆಗಳ ನಡುವೆ ಮನೆಗೆ ನಡೆಯುತ್ತಿದ್ದೆ. ಪಂಪ್‌ಸೆಟ್ ಮನೆಯ ಹತ್ತಿರ ನಿಂತಿದ್ದ, ಗುರುತಿಲ್ಲದ ಮುದುಕರೊಬ್ಬರು ನನ್ನ ಕೈಲಿದ್ದ ಪುಸ್ತಕ ನೋಡಿದರು.

"ಏನವ್ವಾ ಓದ್ತಿರೋದು?"

"ಫಿಜಿಕ್ಸ್, ತಾತ. ಈಗ ಕರೆಂಟಿನ ಪಾಠ ನಡೀತದೆ."

"ಅಂಗಾರೆ ಬಾ. ಮೋಟ್ರು ಸ್ಟಾರ್ಟ್ ಆಯ್ತಾ ಇಲ್ಲ, ವಸಿ ನೋಡು."

ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ ಹೋದೆ. ಬಾಗಿಲು ತೆಗೆದಿದ್ದ ಸ್ಟಾರ್ಟರ್ ಡಬ್ಬ ಗುಂಯ್‌ಗುಡುತ್ತಿತ್ತು. ನೆಲವೆಲ್ಲ ಕೆಸರು, ನನ್ನ ಚಪ್ಪಲಿ ಒದ್ದೆ. ತ್ರೀ ಫೇಸ್ ಅಂದರೆ ನಾನೂರು ಚಿಲ್ಲರೆ ವೋಲ್ಟು. ಒದ್ದೆ ಮೈಯ ವಿದ್ಯುತ್ ರೋಧ ಸಾವಿರ ಓಮ್ ಅಂತಿಟ್ಟುಕೊಂಡು ಭಾಗಿಸಿದೆ. ಕ್ಲಾಸಿನಲ್ಲಿ ಒಂದು ದಿನವೂ ಸರಿಬಾರದ ಲೆಕ್ಕ ಅವತ್ತು ಕ್ಷಣದಲ್ಲಿ ಬಂತು. ಉತ್ತರ: ನಾನು ಸಾಯುತ್ತೇನೆ.

"ತಾತ, ಮೊದ್ಲು ಮೇನ್ ಸ್ವಿಚ್ ಆಫ್ ಮಾಡಿ."

"ಅದ್ನ ಮುಟ್ಟಕ್ಕೇ ಭಯ ಕಣವ್ವಾ. ನೆನ್ನೆ ಕೈಯೆಲ್ಲಾ ಜುಮ್ ಅಂತು. ಅದ್ಕೇ ಓದಿರೋ ನಿನ್ನ ಕರ್ದಿದ್ದು."

ಅವರಿಗೆ ಓದದೆ ಭಯ, ನನಗೆ ಓದಿದ್ದರಿಂದಲೇ ಭಯ. ಇಬ್ಬರೂ ಆ ಡಬ್ಬವನ್ನೇ ನೋಡುತ್ತ ನಿಂತೆವು. ಕೊನೆಗೆ ಮಾನಕ್ಕಂಜಿ, ಕೈಯನ್ನು ಸ್ವಿಚ್ಚಿನ ಕಡೆ ಎತ್ತಿದೆ. ಎತ್ತಿದ್ದೇ ತಡ, ಗುಂಯ್ ಸದ್ದು ನಿಂತುಹೋಯಿತು. ತ್ರೀ ಫೇಸ್ ಕೊಡುವ ಹೊತ್ತು ಮುಗಿದು ಕರೆಂಟು ಹೋಗಿತ್ತು, ಅಷ್ಟೆ.

ತಾತ ಮಾತ್ರ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಓದ್ದೋರ್ನ ಕಂಡ್ರೆ ಕರೆಂಟ್ಗೂ ಭಯ ಕಣವ್ವಾ! ನಾಳೆ ಬೇಗ್ನೆ ಬಾ, ರಿಪೇರಿ ಮಾಡ್ಬುಡು."

ಮಾರನೇ ದಿನದಿಂದ ಪರೀಕ್ಷೆ ಮುಗಿಯುವವರೆಗೂ ಆ ದಾರಿಯಲ್ಲಿ ಫಿಜಿಕ್ಸ್ ಪುಸ್ತಕದ ಮೇಲೆ ಕನ್ನಡ ಪುಸ್ತಕ ಇಟ್ಟುಕೊಂಡೇ ನಡೆದೆ.