ಕಾಯಿಗೆ ಹಸಿರು, ಬೀಜಕ್ಕೆ ಕೆಂಪು

ಅದಕ್ಕೇ ಹೇಳಿದ್ದು, ಡಬ್ಬಣ್ಣ ಕೆಟ್ಟವನಲ್ಲ, ಷಡ್ಡಕನನ್ನು ಕಂಡರೆ ಮಾತ್ರ ಅವನಿಗೆ ಆಗುವುದಿಲ್ಲ. ಹೆಂಡತಿಯ ತಂಗಿಯ ಗಂಡ ಅಷ್ಟು ಚೆಂದ ಇದ್ದು, ಅದರ ಮೇಲೆ ಅಷ್ಟು ಚೆಂದ ಮಾತೂ ಆಡಿದರೆ ಯಾರಿಗೆ ತಾನೆ ಆಗುತ್ತದೆ ಹೇಳಿ!

ಡಬ್ಬಣ್ಣ ಹೋಟೆಲುಗಳ ಬಿಲ್ಲಿಂಗ್ ಮಷೀನ್ ರಿಪೇರಿ ಮಾಡುವವನು. ದೊಡ್ಡ ದೊಡ್ಡ ಹೋಟೆಲ್ ಕಂಪನಿಗಳ ಶಾಖೆಗಳಿಗೆಲ್ಲ ಹಿಂಬಾಗಿಲಿನಿಂದಲೇ ಹೋಗಿಬರುತ್ತಾನೆ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಬಿಡಿಸುತ್ತಿದ್ದರೂ ಕಣ್ಣು ಮಾತ್ರ ಮೂಲೆಯಲ್ಲಿ ಪೇರಿಸಿಟ್ಟ ಎಣ್ಣೆ ಡಬ್ಬಗಳ ಮೇಲೆ. ಹೆಸರು ಬಂದದ್ದೇ ಹಾಗೆ. ಯಾವ ಕಂಪನಿ ಯಾವ ಎಣ್ಣೆಯಲ್ಲಿ ಕರಿಯುತ್ತದೆ, ಅದರಲ್ಲಿ ಬೀಜದೆಣ್ಣೆಯ ಪಾಲೆಷ್ಟು ಎಂದು ಅಕ್ಕಪಕ್ಕ ಇಟ್ಟು ತೋರಿಸುವ ಆ್ಯಪ್ ಒಂದನ್ನು ಅವನೇ ಕೂತು ಕಟ್ಟಿದ. ಕಡಿಮೆ ಇದ್ದರೆ ಹಸಿರು, ಜಾಸ್ತಿ ಇದ್ದರೆ ಕೆಂಪು. ಬೀಜದೆಣ್ಣೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳಕ್ಕೆ ಅವನು ಹೋಗುವುದಿಲ್ಲ. "ತಿನ್ನೋರು ನೀವು, ನೋಡ್ಕೊಂಡು ತಿನ್ನಿ" ಅನ್ನುತ್ತಾನೆ, ಅಷ್ಟೇ. ನಮ್ಮ ಗೆಳೆಯರ ಗುಂಪಂತೂ ಅದನ್ನು ನೋಡದೆ ತಿನ್ನಲು ಹೊರಡುವುದೇ ಇಲ್ಲ.

ಮಾವನಿಗೆ ಮಾತ್ರ ಗಾಬರಿ. "ನಿನ್ ಗಂಡ ಮೂರು ಹೊತ್ತೂ ಎಣ್ಣೆ ಎಣ್ಣೆ ಅಂತಾನಲ್ಲೇ, ಕುಡಿಯೋಕೇನಾದ್ರೂ ಶುರು ಮಾಡಿದ್ನಾ?" ಎಂದು ಮಗಳನ್ನು ಗುಟ್ಟಾಗಿ ಕೇಳಿದ್ದರು.

ಷಡ್ಡಕನ ಕಥೆಯೇ ಬೇರೆ. ಕೋಳಿ ಕರಿದು ಮಾರುವ ಕಂಪನಿಯೊಂದರ ಶಾಖೆಗೆ ಮ್ಯಾನೇಜರು. ಇಸ್ತ್ರಿ ಮುರಿಯದ ಅಂಗಿ. ಭಾನುವಾರ ಮಾವನ ಮನೆಗೆ ಬರುವಾಗ ಕೈಯಲ್ಲಿ ಬಿಸಿಬಿಸಿ ಕೋಳಿ. ಅತ್ತೆ ಬಾಗಿಲಿಗೇ ಹೋಗಿ ಕರೆತರುತ್ತಾರೆ. ಅದೇ ಡಬ್ಬಣ್ಣ ಬಂದರೆ, "ಬಂದ್ರಾ? ಆ ಟಿವಿ ರಿಮೋಟ್ ಯಾಕೋ ಸತಾಯಿಸ್ತಿದೆ, ಸ್ವಲ್ಪ ನೋಡಿ."

ಹೀಗಿರುವಾಗ ಆ್ಯಪಿನಲ್ಲಿ ಷಡ್ಡಕನ ಕಂಪನಿಗೆ ಕೆಂಪು, ರಸ್ತೆಯಾಚೆಗಿನ ಎದುರಾಳಿಗೆ ಹಸಿರು ಬಿತ್ತು ನೋಡಿ, ಡಬ್ಬಣ್ಣನಿಗೆ ಹಾಲು ಕುಡಿದಷ್ಟು ಸಂತೋಷ! ಕೆಲಸದ ನಡುವೆಯೂ ಫೋನ್ ತೆಗೆದು ಆ ಕೆಂಪನ್ನೊಮ್ಮೆ ನೋಡಿ ಒಳಗಿಡುತ್ತಿದ್ದ. ಆ್ಯಪ್ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು; ಜನ ರಸ್ತೆ ದಾಟತೊಡಗಿದರು. ಷಡ್ಡಕನ ಶಾಖೆಯಲ್ಲಿ ನೊಣ ಹೊಡೆಯುವ ಪರಿಸ್ಥಿತಿ.

ಒಂದು ಭಾನುವಾರ ಷಡ್ಡಕ ಬರಿಗೈಯಲ್ಲಿ ಬಂದ.

"ನಮ್ ಶಾಖೆ ಮುಚ್ತಾರಂತೆ ಅಣ್ಣ. ನನ್ನನ್ನ ಬೇರೆ ಕಡೆಗೂ ಹಾಕಲ್ವಂತೆ."

"ಹೌದಾ? ಪಾಪ" ಅಂದ ಡಬ್ಬಣ್ಣ. ಅದನ್ನು ಹೇಳುವಾಗ ತುಟಿ ಹಿಗ್ಗದಂತೆ ಹಿಡಿದಿಡುವುದೇ ಕಷ್ಟವಾಯಿತು.

ಅತ್ತೆ ತಟ್ಟೆ ತಂದು ಮೊದಲು ಷಡ್ಡಕನ ಮುಂದೆ ಹಿಡಿದರು. "ಕಡಲೆಬೀಜ ತಗೊಳ್ಳಿ, ಈಗಷ್ಟೇ ಹುರಿದಿದ್ದು."

"ಏ, ನಂಗೂ ಒಂದು ಹಿಡಿ ಕಡಲೆಕಾಯಿ ತಾರೇ" ಎಂದು ಮಾವ ಒಳಗಿನಿಂದ ಕೂಗಿದರು.

"ಕಡಲೆಬೀಜ ಅನ್ರೀ. ಸಿಪ್ಪೆ ಬಿಡಿಸಿ ಬಿಡಿಸಿ ಬೆರಳು ನೋಯ್ತಿದೆ ನಂಗೆ."

"ಹೊಟ್ಟೆಗೆ ಹೋದ್ಮೇಲೆ ಕಾಯಿ ಯಾವ್ದು, ಬೀಜ ಯಾವ್ದು? ತಾ ಇಲ್ಲಿ."

ಡಬ್ಬಣ್ಣನ ಕೈ ತಟ್ಟೆಯಲ್ಲೇ ನಿಂತಿತು.

ಸೂರ್ಯಕಾಂತಿ, ಸೋಯಾ, ಎಳ್ಳು ಎಲ್ಲವನ್ನೂ ಹೆಸರು ಹಿಡಿದು ಆ್ಯಪಿಗೆ ಹೇಳಿಕೊಟ್ಟಿದ್ದ. ಉಳಿದದ್ದಕ್ಕೆ ಸೋಮಾರಿ ದಾರಿ: ಹೆಸರಿನಲ್ಲಿ 'ಬೀಜ' ಇದ್ದರೆ ಬೀಜದೆಣ್ಣೆ, 'ಕಾಯಿ' ಇದ್ದರೆ ಅಲ್ಲ. ತೆಂಗಿನಕಾಯಿ ಎಣ್ಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಬರೆದಿದ್ದ. ಷಡ್ಡಕನ ಡಬ್ಬದ ಮೇಲೆ ಇದ್ದದ್ದು 'ಕಡಲೆಬೀಜದ ಎಣ್ಣೆ'. ಎದುರಿನವರದ್ದರ ಮೇಲೆ 'ಕಡಲೆಕಾಯಿ ಎಣ್ಣೆ'. ಎರಡೂ ಒಂದೇ ಎಣ್ಣೆ!

ಮನೆಗೆ ಹೋಗುವಾಗ ಹೆಂಡತಿ ಕೇಳಿದಳು, "ಯಾಕ್ರೀ, ಮುಖ ಗಂಟು ಹಾಕ್ಕೊಂಡಿದ್ದೀರಾ?"

"ಹೊಟ್ಟೆ ಉರಿ."

"ಏನ್ ತಿಂದ್ರಿ ಅಂಥಾದ್ದು?"

"ತಿಂದಿದ್ದಕ್ಕಲ್ಲ ಕಣೇ."

ಸರಿಮಾಡುವುದು ಒಂದೇ ಸಾಲಿನ ಕೆಲಸ. ತಾನಾಗಿ ಬಾಯಿಬಿಡದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಫೋನ್ ತೆಗೆದ. ಬರಿಗೈಯಲ್ಲಿ ಬಂದವನಿಗೂ ಅತ್ತೆ ಮೊದಲು ತಟ್ಟೆ ಹಿಡಿದದ್ದು ಕಣ್ಣಮುಂದೆ ಬಂತು. ಒಳಗಿಟ್ಟ.

ಆ ವಾರವೇ ಷಡ್ಡಕನ ಕಂಪನಿಯಿಂದ ಡಬ್ಬಣ್ಣನಿಗೆ ಕೆಲಸ ಬಂತು: ಮುಚ್ಚುವ ಶಾಖೆಯ ಬಿಲ್ಲಿಂಗ್ ಮಷೀನ್ ಬಿಚ್ಚಿ ತರಬೇಕು. ಹೋದ. ಷಡ್ಡಕನೇ ವೈರು ಸುತ್ತಿ ಕೈಗೆ ಕೊಡುತ್ತಾ, "ನೀವೇ ಬಂದ್ರಲ್ಲ ಅಣ್ಣ, ಒಳ್ಳೇದಾಯ್ತು. ಬೇರೆಯವರ ಮುಂದೆ ನಾಚಿಕೆ ಆಗೋದು" ಅಂದ. ಅವನ ಅಂಗಿಗೆ ಅಂದು ಇಸ್ತ್ರಿ ಇರಲಿಲ್ಲ.

ಡಬ್ಬಣ್ಣನಿಗೆ ರೇಗಿಹೋಯಿತು. ಚೆಂದ ಇದ್ದಾನೆ, ಸರಿ. ಮಾತು ಬಲ್ಲ, ಸರಿ. ಸಾಲದ್ದಕ್ಕೆ ಒಳ್ಳೆಯವನೂ ಆಗಬೇಕೇ? ಅದನ್ನೂ ಇವನೇ ಬಾಚಿಕೊಂಡರೆ ತನಗೆ ಉಳಿಯುವುದೇನು?

"ಆ ವೈರು ಅಲ್ಲೇ ಇಡಿ" ಅಂದು ಖಾಲಿ ಕುರ್ಚಿಯಲ್ಲಿ ಕೂತು, ಫೋನ್ ತೆಗೆದು ಆ್ಯಪಿನ ಆ ಒಂದು ಸಾಲು ತಿದ್ದಿದ. ಕೆಳಗೆ 'ತಪ್ಪು ನನ್ನದೇ, ಎರಡೂ ಕಡೆ ಒಂದೇ ಎಣ್ಣೆ' ಎಂದೂ ಬರೆದ. ಎದುರಿನವರದ್ದೂ ಕೆಂಪಾಯಿತು. ಸುದ್ದಿ ಹಬ್ಬಿತು, ಜನ ವಾಪಸು ರಸ್ತೆ ದಾಟಿದರು, ಶಾಖೆ ಉಳಿಯಿತು.

ಮುಂದಿನ ಸಲ ಮಾವನ ಮನೆಯಲ್ಲಿ ಷಡ್ಡಕ ಎಲ್ಲರ ಎದುರು, "ಅಣ್ಣ ಇಲ್ದಿದ್ರೆ ನಾನು ಬೀದಿಗೆ ಬೀಳ್ತಿದ್ದೆ" ಅಂದ. ಅತ್ತೆ ಕಣ್ಣೊರೆಸಿಕೊಂಡರು. "ಎಂಥಾ ದೊಡ್ಡ ಮನಸ್ಸು!"

ಡಬ್ಬಣ್ಣ ಬೆನ್ನು ನೆಟ್ಟಗೆ ಮಾಡಿ ಕೂತ.

"ತಪ್ಪು ಮಾಡಿದೋರನ್ನೂ ಹೊಗಳ್ತಾರಲ್ಲ, ನಮ್ ಚಿಕ್ಕಳಿಯಂದ್ರು!" ಎಂದು ಅತ್ತೆ ಮಾತು ಮುಗಿಸಿದರು.

ಒಂದ್ಸಲ ನೀವೇ ಹೋಗಿ ಡಬ್ಬಣ್ಣನನ್ನು ಮಾತಾಡಿಸಿ. ಯಾವುದಾದರೂ ಹೋಟೆಲಿನ ಕೌಂಟರ್ ಹಿಂದೆ ಪ್ರಿಂಟರ್ ಬಿಚ್ಚಿಕೊಂಡು ಕೂತಿರುತ್ತಾನೆ. ನೀವು ಮಾಡಿದ್ದು ದೊಡ್ಡ ಕೆಲಸ ಅಂತ ಬಾಯಿಬಿಟ್ಟು ಹೇಳಿ. ಆ ಮನೆಯಲ್ಲಂತೂ ಇನ್ನೂ ಯಾರೂ ಹೇಳಿಲ್ಲ.