ಸೈನ್ಯಕ್ಕೆ ಅಪ್ಪಯ್ಯ ಬರೆದ ಉತ್ತರ

ವರ್ಷಕ್ಕೆರಡು ತಿಂಗಳು ನಾನು ಮೀಸಲು ಸೈನಿಕ. ಉಳಿದ ಹತ್ತು ತಿಂಗಳು ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದೆ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವವನು. ಇದನ್ನು ಜನಕ್ಕೆ ತಿಳಿಸಿ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಊರಿನವರಿಗೆ ನಾನು ಕ್ಯಾಂಪಿಗೆ ಹೋಗಿ ಪುಕ್ಕಟೆ ಉಂಡು ಬರುವವನು, ಕ್ಯಾಂಪಿನ ಖಾಯಂ ಸೈನಿಕರಿಗೆ ಅಂಗಡಿಯವನು. ಯುದ್ಧವಾದರೆ ಅವರು ಗಡಿಗೆ ಹೋಗುತ್ತಾರೆ, ಹಿಂದಿನ ಸೇತುವೆ, ರೈಲು, ಉಗ್ರಾಣ ಕಾಯುವವರು ನಾವೇ ಎಂದರೆ, "ಹೌದಾ ಮಾರಾಯ? ಹಾಗಾದ್ರೆ ನಮ್ಮ ಮೋಟಾರು ಯಾವಾಗ ಕೊಡ್ತೀಯ?" ಎನ್ನುತ್ತಿದ್ದರು.

ಗಡಿಯಲ್ಲಿ ಬಿಸಿಯೇರಿದ ಆ ವರ್ಷ ಕೊನೆಗೂ ನಿಜವಾದ ಕರೆ ಬಂತು. ತರಬೇತಿಗಲ್ಲ, ಕೆಲಸಕ್ಕೆ. ಎಂಟು ವರ್ಷ ಅದಕ್ಕೇ ಕಾದಿದ್ದೆ. ಆದರೆ ಪತ್ರ ಶೃಂಗೇರಿ ಹತ್ತಿರದ ನಮ್ಮ ಮನೆಗೆ ಬಂದಾಗ ನಾನು ನರಸಿಂಹರಾಜಪುರದಲ್ಲಿ ಯಾರದೋ ಪಂಪು ಬಿಚ್ಚಿಕೊಂಡು ಕೂತಿದ್ದೆ. ಸಹಿ ಹಾಕಿ ತೆಗೆದುಕೊಂಡವರು ಅಪ್ಪಯ್ಯ. ಅದನ್ನು ಪಂಚಾಂಗದೊಳಗಿಟ್ಟು ಸುಮ್ಮನಾದರು. ನಾನು ಮನೆಗೆ ಬಂದು ಅಮ್ಮನ ವರ್ಷಾಂತಿಕ ಮಾಡಿ, ಉಂಡು ಕೈತೊಳೆದ ಮೇಲೆ ತಂದುಕೊಟ್ಟರು. ಹಾಜರಾಗುವ ದಿನ ಕಳೆದು ನಾಲ್ಕು ದಿನವಾಗಿತ್ತು.

ಮೈಯೆಲ್ಲ ಉರಿಯಿತು. "ಇದೆಂಥ ಕೆಲ್ಸ ಅಪ್ಪಯ್ಯ? ನನ್ನ ಹೆಸ್ರು ತೆಗೆದುಹಾಕ್ತಾರೆ" ಎಂದೆ.

"ಎಂಥದೂ ಆಗಲ್ಲ. ಕಾರ್ಯ ಮುಗಿಸಿ ಕಳಿಸ್ತೇನೆ ಅಂತ ಆವತ್ತೇ ಕಾಗದ ಹಾಕಿದೀನಿ. ನೀನೇನು ಖಾಯಂ ಆಳಾ? ಮುಯ್ಯಾಳು. ನಾಲ್ಕು ದಿನ ಆಚೀಚೆ ಆಗ್ತದೆ."

ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ ಎಂದು ಕೂಲಿಯಿಲ್ಲದೆ ದುಡಿಯುವುದು ನಮ್ಮಲ್ಲಿ ಮುಯ್ಯಿ. ದೇಶದ ಸೈನ್ಯವನ್ನು ಪುಣ್ಯಾತ್ಮ ನೆರೆಮನೆಯ ನಾಟಿಗೆ ಸಮ ಮಾಡಿಬಿಟ್ಟಿದ್ದರು.

ಎದ್ದೆನೋ ಬಿದ್ದೆನೋ ಎಂದು ಕ್ಯಾಂಪಿಗೆ ಹೋಗಿ ಸೇರುವಷ್ಟರಲ್ಲಿ ನನ್ನ ತಂಡ ರೈಲು ಹತ್ತಿಯಾಗಿತ್ತು. ಉತ್ತರ ಭಾರತದವರಾದ ಅಧಿಕಾರಿ ಮೇಜಿನ ಮೇಲೆ ಅಪ್ಪಯ್ಯನ ಕಾಗದ ಇಟ್ಟರು. ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಹಿಂದಿಯಲ್ಲಿ ಹೇಳು, ಕಾರಣ ಸರಿಯಿದ್ದರೆ ಮುಂದಿನ ತಂಡ, ಇಲ್ಲದಿದ್ದರೆ ಮನೆ ಎಂದರು. 'ಉಭಯಕುಶಲೋಪರಿ' ಎಂಬುದನ್ನು ಹಿಂದಿಯಲ್ಲಿ ಏನೆಂದು ಹೇಳಲಿ, ನನ್ನ ಕರ್ಮ! ಅದನ್ನು ಹಾರಿಸಿ, ಅಮ್ಮ ಹೋಗಿ ವರ್ಷ ತುಂಬಿದ ಕಾರ್ಯವೆಂದು ವರ್ಷಾಂತಿಕದ ವಿಷಯ ಹೇಳಿದೆ. ಅಷ್ಟಕ್ಕೇ ಮುಗಿಯಿತೆಂದುಕೊಂಡು ಹಾಳೆ ತಿರುಗಿಸಿದರೆ ಹಿಂದೆ ಇನ್ನೂ ಇತ್ತು.

"ಅಷ್ಟರಲ್ಲಿ ಆಳು ಬೇಕೇಬೇಕೆಂದಾದರೆ ಒಂದು ಕಾರ್ಡು ಹಾಕಿ. ಮಗನ ಬದಲು ನಾನು ಬರುತ್ತೇನೆ. ಅರವತ್ತೇಳಾಯಿತು, ಆದರೆ ನಡೆಯಬಲ್ಲೆ. ಮನೆಯವಳು ಹೋದ ಮೇಲೆ ನಿದ್ದೆ ಬರುವುದಿಲ್ಲ, ರಾತ್ರಿ ಕಾವಲಿಗೆ ಆದೀತು."

ತಡವರಿಸುತ್ತ ಅದನ್ನೂ ಹೇಳಿದೆ. ಅಧಿಕಾರಿ ಮುಂದಿನ ತಂಡದ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು. ಬರೆಯುತ್ತಲೇ, ನಿಮ್ಮ ತಂದೆ ಒಂದು ವರ್ಷದಿಂದ ನಿದ್ದೆ ಮಾಡಿಲ್ಲವೇ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ.